ಅಮೆರಿಕದ ಕಾಲೇಜು ಪ್ರವೇಶ: ಹೈಸ್ಕೂಲಿನ ಎರಡನೇ ಭಾಷೆಗೆ ಎಷ್ಟು ಬೆಲೆ?

ಮಾರ್ಚ್ ತಿಂಗಳ ಕೊನೆ ಬಂತೆಂದರೆ, ಅಮೆರಿಕದಲ್ಲಿ ಮಕ್ಕಳು ಮೊಮ್ಮಕ್ಕಳು ಇರುವ ನಮ್ಮ ಸಮಾಜದ ಮನೆಗಳಲ್ಲಿ ಒಂದೇ ಮಾತು. ಯಾರಿಗೆ ಯಾವ ಕಾಲೇಜು ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಯಾರು ಕಾಯುವ ಪಟ್ಟಿಯಲ್ಲಿದ್ದಾರೆ. ಆಗ ಎಸ್‌ಎಟಿ ಅಂಕದ ಬಗ್ಗೆ ಮಾತಾಡುತ್ತೇವೆ, ಗಣಿತ ವಿಜ್ಞಾನದ ಬಗ್ಗೆ ಮಾತಾಡುತ್ತೇವೆ, ರೋಬೋಟಿಕ್ಸ್, ಈಜು, ಸಂಗೀತ ಎಲ್ಲವೂ ಬರುತ್ತದೆ. ಹೈಸ್ಕೂಲಿನಲ್ಲಿ ಮಗು ಇಂಗ್ಲಿಷ್ ಅಲ್ಲದೆ ಇನ್ನೊಂದು ಭಾಷೆಯನ್ನು ಎಷ್ಟು ವರ್ಷ ಓದಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಪ್ರವೇಶ ಕಚೇರಿಯವರು ಅದನ್ನೂ ನೋಡುತ್ತಾರೆ. ಆ ವಿಷಯವನ್ನು ನಮ್ಮ ಹಿರಿಯರಿಗೂ, ಅಲ್ಲಿರುವ ತಂದೆತಾಯಿಗಳಿಗೂ ಉಪಯೋಗವಾಗುವಂತೆ ಇಲ್ಲಿ ಬಿಡಿಸಿ ಹೇಳುವ ಪ್ರಯತ್ನ ಮಾಡಿದ್ದೇನೆ.

ನಮ್ಮ ಲೆಕ್ಕ ಬೇರೆ, ಅಲ್ಲಿನ ಲೆಕ್ಕ ಬೇರೆ

ಮೊದಲು ನಮ್ಮ ಮನಸ್ಸಿನಲ್ಲಿರುವ ಲೆಕ್ಕ ಎಲ್ಲಿಂದ ಬಂದಿದೆ ಎಂದು ನೋಡೋಣ. ಕರ್ನಾಟಕದ ಪಿಯುಸಿಯಲ್ಲಿ ಆರು ವಿಷಯ, 600 ಅಂಕ. ಅದರಲ್ಲಿ ಎರಡು ಭಾಷೆ, 200 ಅಂಕ. ಆದರೆ ಎಂಜಿನಿಯರಿಂಗ್ ಸೀಟಿಗೆ ಸಿಇಟಿ ರ‍್ಯಾಂಕ್ ತೆಗೆಯುವಾಗ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳನ್ನಷ್ಟೇ ಹಿಡಿಯುತ್ತಾರೆ. ವೈದ್ಯಕೀಯಕ್ಕೆ ನೀಟ್ ಪರೀಕ್ಷೆ, ಅಲ್ಲಿಯೂ ಭಾಷೆಯ ಅಂಕಕ್ಕೆ ಜಾಗವಿಲ್ಲ. ಹಾಗಾಗಿ "ಭಾಷೆ ಪಾಸಾದರೆ ಸಾಕು, ಆ ಹೊತ್ತನ್ನು ಗಣಿತಕ್ಕೆ ಕೊಡು" ಎಂಬ ಮಾತು ನಮ್ಮಲ್ಲಿ ಮನೆಮನೆಯ ಗಾದೆಯಂತಾಗಿದೆ. ಒಟ್ಟು ಶೇಕಡಾವಾರು ಹೆಚ್ಚಲಿ ಎಂದು ಸಂಸ್ಕೃತವನ್ನೋ ಫ್ರೆಂಚನ್ನೋ ಆರಿಸಿಕೊಂಡು, ಪರೀಕ್ಷೆ ಮುಗಿದ ಮರುದಿನ ಮರೆತವರು ಎಷ್ಟೋ ಜನ.

ಹಾಗೆ ಓದಿ ಸೀಟು ಪಡೆದು, ಎಂಜಿನಿಯರ್ ಆಗಿ ಹೋದವರೇ ಇಂದು ಸ್ಯಾನ್ ಹೋಸೆ, ಡಲ್ಲಾಸ್, ನ್ಯೂಜೆರ್ಸಿಗಳಲ್ಲಿ ತಂದೆತಾಯಿಗಳಾಗಿದ್ದಾರೆ. ತಮಗೆ ಫಲ ಕೊಟ್ಟ ಲೆಕ್ಕವನ್ನೇ ಮಕ್ಕಳಿಗೂ ಹಾಕುತ್ತಾರೆ. ಇದು ಸಹಜ. ಆದರೆ ಅಲ್ಲಿನ ಆಯ್ಕೆಯ ಪದ್ಧತಿ ಬೇರೆ. ಅಲ್ಲಿನ ಬಿಗಿ ಆಯ್ಕೆಯ ಕಾಲೇಜುಗಳು ಒಂದು ಪರೀಕ್ಷೆಯ ರ‍್ಯಾಂಕ್ ನೋಡಿ ಸೀಟು ಕೊಡುವುದಿಲ್ಲ. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗಿನ ನಾಲ್ಕು ವರ್ಷದ ಪೂರ್ತಿ ದಾಖಲೆ, ಅಂದರೆ ಟ್ರಾನ್ಸ್‌ಕ್ರಿಪ್ಟ್ ಅವರ ಮುಂದೆ ಇರುತ್ತದೆ. ಯಾವ ವಿಷಯ ತೆಗೆದುಕೊಂಡಿದ್ದಾನೆ, ಎಷ್ಟು ಕಷ್ಟದ ಹಂತದವರೆಗೆ ಓದಿದ್ದಾನೆ, ನಡುವೆ ಯಾವುದನ್ನು ಬಿಟ್ಟಿದ್ದಾನೆ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ವ್ಯಾಪಾರಿಗಳ ಮಾತಿನಲ್ಲಿ ಹೇಳುವುದಾದರೆ, ಬ್ಯಾಂಕಿನವರು ಸಾಲ ಕೊಡುವಾಗ ಈ ತಿಂಗಳ ಮಾರಾಟ ಒಂದನ್ನೇ ನೋಡದೆ ನಾಲ್ಕು ವರ್ಷದ ಖಾತೆ ಪುಸ್ತಕ ತರಿಸಿಕೊಂಡು ನೋಡುವ ಹಾಗೆ.

ಕಾಲೇಜುಗಳು ಬರೆದು ಕೊಟ್ಟಿರುವುದೇನು

ಇಲ್ಲಿ ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳಬೇಕು. ಒಂದು ಕಡ್ಡಾಯ, ಇನ್ನೊಂದು ಶಿಫಾರಸು.

ಕಡ್ಡಾಯಕ್ಕೆ ಸ್ಪಷ್ಟ ಉದಾಹರಣೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಮುಂತಾದ ಒಂಬತ್ತು ಕ್ಯಾಂಪಸ್‌ಗಳಲ್ಲಿ ಪದವಿ ಶಿಕ್ಷಣ ನೀಡುವ ಇದನ್ನು ಎಲ್ಲರೂ ಯುಸಿ ಎನ್ನುತ್ತಾರೆ. ಯುಸಿಗೆ ಅರ್ಜಿ ಹಾಕಲು 'ಎ'ಯಿಂದ 'ಜಿ'ವರೆಗೆ ಏಳು ಗುಂಪುಗಳಲ್ಲಿ ಒಟ್ಟು 15 ವಾರ್ಷಿಕ ಕೋರ್ಸುಗಳು ಬೇಕು. ಅದರಲ್ಲಿ 'ಇ' ಗುಂಪು ಇಂಗ್ಲಿಷ್ ಅಲ್ಲದ ಭಾಷೆಯದು. ಒಂದೇ ಭಾಷೆಯನ್ನು ಎರಡು ವರ್ಷ ಓದುವುದು ಕಡ್ಡಾಯ, ಮೂರು ವರ್ಷ ಓದುವುದು ಶಿಫಾರಸು. ಗ್ರೇಡ್ ಸಿಗಿಂತ ಕಡಿಮೆ ಇರಬಾರದು.

ಖಾಸಗಿ ಕಾಲೇಜುಗಳು ಹೆಚ್ಚಾಗಿ ಶಿಫಾರಸಿನ ಭಾಷೆಯಲ್ಲಿ ಮಾತಾಡುತ್ತವೆ. ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ಒಂದೇ ವಿದೇಶಿ ಭಾಷೆಯನ್ನು ನಾಲ್ಕು ವರ್ಷ ಓದುವುದು ಒಳ್ಳೆಯದು ಎನ್ನುತ್ತವೆ. ಸ್ಟ್ಯಾನ್‌ಫರ್ಡ್ ಮೂರು ಅಥವಾ ಹೆಚ್ಚು ವರ್ಷ ಎನ್ನುತ್ತದೆ. ತಂತ್ರಜ್ಞಾನಕ್ಕೆ ಹೆಸರಾದ ಎಂಐಟಿ ಎರಡು ವರ್ಷ ಎನ್ನುತ್ತದೆ. ಇವು ಕಡ್ಡಾಯವಲ್ಲದಿದ್ದರೂ, ಹಾರ್ವರ್ಡ್‌ನಂತಹ ಕಡೆ ನೂರು ಅರ್ಜಿಗೆ ಸುಮಾರು ನಾಲ್ಕು ಜನರಿಗಷ್ಟೇ ಪ್ರವೇಶ ಸಿಗುವಾಗ, ಬಹಳಷ್ಟು ಅರ್ಜಿದಾರರು ಶಿಫಾರಸನ್ನೂ ಪೂರೈಸಿಯೇ ಬಂದಿರುತ್ತಾರೆ ಎಂಬುದನ್ನು ನೆನಪಿನಲ್ಲಿಡಬೇಕು.

ಪ್ರತಿ ಕಾಲೇಜಿನ ನಿಲುವನ್ನು ತಿಳಿಯಲು ಒಂದು ಸುಲಭ ದಾರಿ ಇದೆ. ಬಹುತೇಕ ಕಾಲೇಜುಗಳು ಪ್ರತಿ ವರ್ಷ 'ಕಾಮನ್ ಡೇಟಾ ಸೆಟ್' ಎಂಬ ದಾಖಲೆ ಪ್ರಕಟಿಸುತ್ತವೆ. ಅದರ ಸಿ ವಿಭಾಗದಲ್ಲಿ ಯಾವ ವಿಷಯ ಎಷ್ಟು ವರ್ಷ ಕಡ್ಡಾಯ, ಎಷ್ಟು ವರ್ಷ ಶಿಫಾರಸು ಎಂಬ ಕೋಷ್ಟಕ ಇರುತ್ತದೆ. ಸಾವಿರಾರು ಡಾಲರ್ ಕೇಳುವ ಸಲಹೆಗಾರರ ಬಳಿ ಹೋಗುವ ಮೊದಲು, ಪುಕ್ಕಟೆ ಸಿಗುವ ಈ ಕೋಷ್ಟಕವನ್ನು ಒಮ್ಮೆ ನೋಡಿದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಹೈಸ್ಕೂಲು ಮುಗಿಸುವುದು ಬೇರೆ, ಕಾಲೇಜು ಸೇರುವುದು ಬೇರೆ

ಅನೇಕ ಕುಟುಂಬಗಳು ಎಡವುವ ಜಾಗ ಇದು. ಹೈಸ್ಕೂಲ್ ಡಿಪ್ಲೊಮಾ ಪಡೆಯಲು ರಾಜ್ಯ ಸರ್ಕಾರದ ನಿಯಮ ಒಂದು, ವಿಶ್ವವಿದ್ಯಾಲಯ ಸೇರಲು ಬೇಕಾದ ನಿಯಮ ಇನ್ನೊಂದು. ಕ್ಯಾಲಿಫೋರ್ನಿಯಾದ ರಾಜ್ಯ ನಿಯಮದಲ್ಲಿ ಕಲೆ, ವಿಶ್ವ ಭಾಷೆ, ವೃತ್ತಿ ಶಿಕ್ಷಣ ಈ ಮೂರರಲ್ಲಿ ಯಾವುದಾದರೂ ಒಂದನ್ನು ಒಂದು ವರ್ಷ ಓದಿದರೆ ಸಾಕು. ಅಂದರೆ ಒಂದು ಮಗು ಭಾಷೆಯ ಒಂದು ತರಗತಿಗೂ ಹೋಗದೆ ಡಿಪ್ಲೊಮಾ ಪಡೆಯಬಹುದು. ಆದರೆ ಅದೇ ಮಗುವಿಗೆ ಅದೇ ರಾಜ್ಯದ ಯುಸಿಗೆ ಅರ್ಜಿ ಹಾಕುವ ಅರ್ಹತೆಯೇ ಇರುವುದಿಲ್ಲ.

ಕಂಪ್ಯೂಟರ್ ಕೋಡಿಂಗ್ ವಿಚಾರವೂ ಹೀಗೆಯೇ. ಟೆಕ್ಸಾಸ್‌ನಲ್ಲಿ ಡಿಪ್ಲೊಮಾಕ್ಕೆ ಬೇಕಾದ ಎರಡು ಭಾಷಾ ಕ್ರೆಡಿಟ್ ಬದಲಿಗೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಓದಲು ಅವಕಾಶವಿದೆ. ಜಾರ್ಜಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳು ಭಾಷೆಯ ಜಾಗದಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಒಪ್ಪುತ್ತವೆ. ನಮ್ಮವರಿಗೆ ಇದು ಬಹಳ ಇಷ್ಟವಾಗುವ ದಾರಿ. ಆದರೆ ಯುಸಿ ಕಂಪ್ಯೂಟರ್ ಕೋರ್ಸನ್ನು ಭಾಷೆ ಎಂದು ಎಣಿಸುವುದಿಲ್ಲ. ಅಮೆರಿಕದ ಸಂಜ್ಞಾ ಭಾಷೆಯನ್ನು ಒಪ್ಪುತ್ತದೆ, ಲ್ಯಾಟಿನ್ ಒಪ್ಪುತ್ತದೆ, ಕೋಡಿಂಗ್ ಒಪ್ಪುವುದಿಲ್ಲ. ಊರಿನ ಶಾಲೆಗೆ ನಡೆಯುವುದು ಹೊರರಾಜ್ಯದ ಕಾಲೇಜಿಗೆ ನಡೆಯದೇ ಹೋಗಬಹುದು. ಆದ್ದರಿಂದ ಮಗು ಯಾವ ಕಾಲೇಜುಗಳ ಕಡೆ ನೋಡುತ್ತಿದೆ ಎಂಬುದನ್ನು ಮೊದಲು ತಿಳಿದು, ಆಮೇಲೆ ಶಾಲೆಯ ರಿಯಾಯಿತಿ ಬಳಸಿಕೊಳ್ಳಬೇಕು.

ಭಾಷೆ ಓದಿದರೆ ಸೀಟು ಖಚಿತವೇ?

ಖಂಡಿತ ಇಲ್ಲ. ನಾಲ್ಕು ವರ್ಷ ಸ್ಪ್ಯಾನಿಷ್ ಓದಿದ್ದಾನೆ ಎಂಬ ಒಂದೇ ಕಾರಣಕ್ಕೆ ಯಾರೂ ಕರೆದು ಸೀಟು ಕೊಡುವುದಿಲ್ಲ. ಅದರ ಕೆಲಸ ಮೂರು ರೀತಿಯದು.

ಮೊದಲನೆಯದು ಗ್ರೇಡಿನ ಸರಾಸರಿ. ಯುಸಿ ಒಂಬತ್ತನೇ ತರಗತಿಯ ನಂತರದ ಬೇಸಿಗೆಯಿಂದ ಹನ್ನೊಂದನೇ ತರಗತಿಯ ನಂತರದ ಬೇಸಿಗೆಯವರೆಗೆ ಓದಿದ ಎ–ಜಿ ಕೋರ್ಸುಗಳ ಗ್ರೇಡುಗಳಿಂದ ಸರಾಸರಿ ತೆಗೆಯುತ್ತದೆ. ಅಲ್ಲಿ ಸ್ಪ್ಯಾನಿಷ್‌ನ ಸಿ ಗ್ರೇಡು ಗಣಿತದ ಸಿ ಗ್ರೇಡಿನಷ್ಟೇ ಭಾರ. ಭಾಷೆಯನ್ನು ಅಲಕ್ಷ್ಯ ಮಾಡಿದವನ ಸರಾಸರಿ ಭಾಷೆಯಿಂದಲೇ ಕುಸಿಯಬಹುದು.

ಎರಡನೆಯದು ಓದಿನ ಗಟ್ಟಿತನ. ಕಾಮನ್ ಅಪ್ಲಿಕೇಷನ್ ಮೂಲಕ ಅರ್ಜಿ ಹೋಗುವಾಗ ಶಾಲೆಯ ಸಲಹೆಗಾರರು ಒಂದು ವರದಿ ಕಳಿಸುತ್ತಾರೆ. ಆ ಶಾಲೆಯಲ್ಲಿ ಲಭ್ಯವಿದ್ದ ಕೋರ್ಸುಗಳಿಗೆ ಹೋಲಿಸಿದರೆ ಈ ವಿದ್ಯಾರ್ಥಿ ಆರಿಸಿಕೊಂಡದ್ದು ಎಷ್ಟು ಕಠಿಣ ಎಂದು ಅದರಲ್ಲಿ ಕೇಳಿರುತ್ತದೆ. ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ವಿದೇಶಿ ಭಾಷೆ ಈ ಐದನ್ನು ಮುಖ್ಯ ವಿಷಯಗಳೆಂದು ಅಲ್ಲಿ ಪರಿಗಣಿಸುವುದು ರೂಢಿ. ಐದರಲ್ಲಿ ಒಂದನ್ನು ಎರಡೇ ವರ್ಷಕ್ಕೆ ಬಿಟ್ಟರೆ ಅದು ಕಾಣುತ್ತದೆ.

ಮೂರನೆಯದು ಬಿಡದೆ ಮುಂದುವರಿಯುವ ಗುಣ. ಒಂದು ವರ್ಷ ಫ್ರೆಂಚ್, ಒಂದು ವರ್ಷ ಚೀನೀ, ಒಂದು ವರ್ಷ ಸ್ಪ್ಯಾನಿಷ್ ಎಂದು ರುಚಿ ನೋಡಿದ ಮೂರು ವರ್ಷಕ್ಕಿಂತ, ಒಂದೇ ಭಾಷೆಯ ಮೂರು ವರ್ಷಕ್ಕೆ ತೂಕ ಹೆಚ್ಚು. ಮೇಲೆ ಹೇಳಿದ ಕಾಲೇಜುಗಳಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್, ಯುಸಿ ಎಲ್ಲವೂ "ಒಂದೇ ಭಾಷೆ" ಎಂಬ ಮಾತನ್ನು ಸೇರಿಸಿರುವುದು ಅದಕ್ಕಾಗಿಯೇ. ಯಾವ ಭಾಷೆ ದೊಡ್ಡದು, ಯಾವುದು ಸಣ್ಣದು ಎಂಬ ಪಟ್ಟಿಯನ್ನು ಅವು ಇಟ್ಟಿಲ್ಲ. ಫ್ರೆಂಚ್ ಓದಿದರೆ ಗೌರವ, ಸ್ಪ್ಯಾನಿಷ್ ಓದಿದರೆ ಸಾಮಾನ್ಯ ಎಂಬುದು ಪಾರ್ಟಿಗಳಲ್ಲಿ ಹುಟ್ಟಿದ ಮಾತು.

ಹಾಗಾದರೆ ಎಂಜಿನಿಯರಿಂಗ್ ಓದಬೇಕೆನ್ನುವ ಮಗು ನಾಲ್ಕನೇ ವರ್ಷದ ಸ್ಪ್ಯಾನಿಷ್ ಬಿಟ್ಟು ಇನ್ನೊಂದು ಭೌತಶಾಸ್ತ್ರದ ಕೋರ್ಸು ತೆಗೆದುಕೊಂಡರೆ? ಮೂರನೇ ಹಂತ ಮುಗಿಸಿದ್ದರೆ ಅದು ಸಮಂಜಸವಾದ ಆಯ್ಕೆಯೇ. ಎಂಐಟಿಯೇ ಎರಡು ವರ್ಷ ಎಂದಿರುವಾಗ ಅಂತಹ ಮಗು ಹೆದರಬೇಕಾಗಿಲ್ಲ. ಆದರೆ ಇತಿಹಾಸ, ಅರ್ಥಶಾಸ್ತ್ರ, ಅಂತರರಾಷ್ಟ್ರೀಯ ಸಂಬಂಧ ಓದಲು ಹೊರಟ ಮಗು ಎರಡನೇ ವರ್ಷಕ್ಕೆ ಭಾಷೆ ಬಿಟ್ಟು ಸುಲಭದ ಕೋರ್ಸು ಹಿಡಿದರೆ, ಪ್ರಶ್ನೆ ಏಳುವುದು ಸಹಜ. ಭಾಷೆ ಬಿಟ್ಟು ಆ ಜಾಗಕ್ಕೆ ತಂದದ್ದೇನು ಎಂದು ಓದುವವರು ನೋಡುತ್ತಾರೆ.

ನಿರ್ಧಾರ ಆಗುವುದು ಹನ್ನೆರಡನೇ ವಯಸ್ಸಿನಲ್ಲಿ

ಕಾಲೇಜಿನ ಮಾತು ಮನೆಯಲ್ಲಿ ಶುರುವಾಗುವುದು ಮಗುವಿಗೆ ಹದಿನಾರು ವರ್ಷವಾದಾಗ. ಭಾಷೆಯ ನಿರ್ಧಾರ ಮಾತ್ರ ಏಳನೇ ತರಗತಿಯಲ್ಲೇ ಆಗಿಹೋಗಿರುತ್ತದೆ. ಲೆಕ್ಕ ಹೀಗಿದೆ. ಒಂಬತ್ತನೇ ತರಗತಿಯಲ್ಲಿ ಮೊದಲ ಹಂತ ಹಿಡಿದವನು ಹನ್ನೆರಡರಲ್ಲಿ ನಾಲ್ಕನೇ ಹಂತಕ್ಕೆ ಬರುತ್ತಾನೆ. ಎಪಿ ಎಂಬ ಉನ್ನತ ಕೋರ್ಸು ಸಾಮಾನ್ಯವಾಗಿ ಅದರ ಮುಂದಿನ ಮೆಟ್ಟಿಲು. ಏಳು ಮತ್ತು ಎಂಟನೇ ತರಗತಿಯಲ್ಲೇ ಮೊದಲ ಹಂತ ಮುಗಿಸಿದವನು ಒಂಬತ್ತರಲ್ಲಿ ಎರಡನೇ ಹಂತಕ್ಕೆ ಕೂತು, ಹನ್ನೆರಡರಲ್ಲಿ ಎಪಿಗೆ ಹೋಗಬಹುದು. ಹೈಸ್ಕೂಲು ಒಪ್ಪಿದರೆ ಏಳು ಎಂಟರ ಭಾಷಾ ಕೋರ್ಸನ್ನು ಯುಸಿಯೂ ಎಣಿಸುತ್ತದೆ. ಮೇಲಿನ ಹಂತವನ್ನು ಒಳ್ಳೆಯ ಗ್ರೇಡಿನಲ್ಲಿ ಮುಗಿಸಿದರೆ ಕೆಳಗಿನ ಹಂತ ಆದಂತೆಯೇ ಎಂದೂ ಒಪ್ಪುತ್ತದೆ.

ಎಪಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಅನೇಕ ಕಾಲೇಜುಗಳು ಭಾಷೆಯ ಕ್ರೆಡಿಟ್ ಕೊಡುತ್ತವೆ ಅಥವಾ ಕಾಲೇಜಿನೊಳಗಿನ ಭಾಷಾ ನಿಯಮದಿಂದ ವಿನಾಯಿತಿ ಕೊಡುತ್ತವೆ. ಒಂದು ಕೋರ್ಸಿನ ಶುಲ್ಕವೂ ಸಮಯವೂ ಉಳಿದಂತೆ.

ಮನೆಯ ಕನ್ನಡ ಲೆಕ್ಕಕ್ಕೆ ಬರುತ್ತದೆಯೇ?

ನಮ್ಮ ಓದುಗರಿಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ಇದು. ನಮ್ಮ ಸಮಾಜದ ಮನೆಗಳಲ್ಲಿ ಕನ್ನಡ, ತುಳು, ಮರಾಠಿ, ಗುಜರಾತಿ, ಮಾರವಾಡಿ ಎಲ್ಲವೂ ಇವೆ. ಅಮೆರಿಕದಲ್ಲಿ ಹುಟ್ಟಿದ ಮಗು ಅಜ್ಜಿಯೊಡನೆ ಫೋನಿನಲ್ಲಿ ಕನ್ನಡ ಮಾತಾಡುತ್ತಿರುತ್ತದೆ. ಹನ್ನೆರಡು ವರ್ಷ ಆಗುತ್ತಲೇ "ಈಗ ಸ್ಪ್ಯಾನಿಷ್ ಓದಬೇಕು, ಕನ್ನಡಕ್ಕೆ ಯಾವ ಕಾಲೇಜೂ ಅಂಕ ಕೊಡುವುದಿಲ್ಲ" ಎಂದು ಭಾನುವಾರದ ಕನ್ನಡ ತರಗತಿ ನಿಲ್ಲಿಸುತ್ತಾರೆ. ಅಲ್ಲಿಂದ ನಾಲ್ಕು ವರ್ಷದಲ್ಲಿ ಅಜ್ಜಿಗೂ ಮೊಮ್ಮಗುವಿಗೂ ಮಾತು "ಊಟ ಆಯ್ತಾ" ಎಂಬಲ್ಲಿಗೆ ನಿಲ್ಲುತ್ತದೆ. ಇದು ಬೇಕಾಗಿಯೇ ಇಲ್ಲದ ನಷ್ಟ.

ಎಪಿ ಪರೀಕ್ಷೆಗಳು ಇರುವುದು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೀನೀ, ಜಪಾನೀ ಮತ್ತು ಲ್ಯಾಟಿನ್ ಭಾಷೆಗಳಲ್ಲಿ. ಭಾರತದ ಭಾಷೆ ಒಂದೂ ಇಲ್ಲ, ಹಿಂದಿಯೂ ಇಲ್ಲ. ಹಿಂದೆ ಎಸ್‌ಎಟಿಯ ವಿಷಯವಾರು ಪರೀಕ್ಷೆಗಳಲ್ಲಿ ಹೀಬ್ರೂ, ಕೊರಿಯನ್ ಕೂಡ ಇದ್ದವು. 2021ರಲ್ಲಿ ಆ ಪರೀಕ್ಷೆಗಳನ್ನೇ ನಿಲ್ಲಿಸಿದರು. ಇಷ್ಟರಿಂದ ಬಾಗಿಲು ಮುಚ್ಚಿದೆ ಎಂದು ತಿಳಿಯಬಾರದು. ಬೇರೆ ಬಾಗಿಲುಗಳಿವೆ.

ಒಂದು, 'ಸೀಲ್ ಆಫ್ ಬೈಲಿಟರಸಿ'. ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆಯನ್ನು ಓದಿ ಬರೆದು ಮಾತಾಡಬಲ್ಲ ವಿದ್ಯಾರ್ಥಿಗೆ ಹೈಸ್ಕೂಲು ಮುಗಿಸುವಾಗ ಕೊಡುವ ಅಧಿಕೃತ ಗೌರವ ಇದು. 2011ರಲ್ಲಿ ಕ್ಯಾಲಿಫೋರ್ನಿಯಾ ಇದನ್ನು ಮೊದಲು ಕಾನೂನು ಮಾಡಿತು. ಈಗ ಬಹುತೇಕ ಎಲ್ಲ ರಾಜ್ಯಗಳಲ್ಲಿದೆ. ಎರಡು, ಭಾಷಾ ಪ್ರೌಢಿಮೆಯ ಪರೀಕ್ಷೆಗಳು. 'ಸ್ಟ್ಯಾಂಪ್' ಎಂಬ ಪರೀಕ್ಷೆ ಕನ್ನಡ, ಮರಾಠಿ, ತಮಿಳು, ತೆಲುಗಿನಲ್ಲೂ ಇದೆ. ಶಾಲಾ ಜಿಲ್ಲೆ ಒಪ್ಪಿದರೆ ಇದರ ಫಲಿತಾಂಶದಿಂದ ಸೀಲ್ ಪಡೆಯಬಹುದು, ಕೆಲವೆಡೆ ಹೈಸ್ಕೂಲ್ ಕ್ರೆಡಿಟ್ಟನ್ನೂ ಪಡೆಯಬಹುದು. ಮೂರು, ಯುಸಿಯ ಎರಡು ವರ್ಷದ ಭಾಷಾ ನಿಯಮವನ್ನು ತರಗತಿಯಲ್ಲಿ ಕೂರದೆ ಪ್ರೌಢಿಮೆ ತೋರಿಸಿಯೂ ಪೂರೈಸಬಹುದು. ಅದನ್ನು ಶಾಲೆ ಪ್ರಮಾಣೀಕರಿಸಿ ಟ್ರಾನ್ಸ್‌ಕ್ರಿಪ್ಟಿನಲ್ಲಿ ದಾಖಲಿಸಬೇಕು. ನಾಲ್ಕು, ಕಾಮನ್ ಅಪ್ಲಿಕೇಷನ್ನಿನಲ್ಲೇ ಯಾವ ಭಾಷೆ ಮಾತಾಡುತ್ತೀರಿ, ಓದುತ್ತೀರಿ, ಬರೆಯುತ್ತೀರಿ, ಮನೆಯಲ್ಲಿ ಯಾವುದನ್ನು ಬಳಸುತ್ತೀರಿ ಎಂಬ ಪ್ರಶ್ನೆ ಇದೆ. ಭಾನುವಾರ ಚಿಕ್ಕ ಮಕ್ಕಳಿಗೆ ಕನ್ನಡ ಕಲಿಸಿದ್ದರೆ ಅದನ್ನು ಚಟುವಟಿಕೆಗಳ ಪಟ್ಟಿಯಲ್ಲಿ ಬರೆಯಬಹುದು.

ಇವೆಲ್ಲಕ್ಕೂ ಒಂದು ಷರತ್ತು ಇದೆ. ಮಾತು ಬಂದರೆ ಸಾಲದು, ಓದಲು ಬರೆಯಲು ಬರಬೇಕು. ನಮ್ಮ ಮಕ್ಕಳು ಸೋಲುವುದು ಅಲ್ಲಿ. ಕನ್ನಡ ಕೂಟಗಳು, ಸ್ವಯಂಸೇವಕರು ನಡೆಸುವ ವಾರಾಂತ್ಯದ ಕನ್ನಡ ತರಗತಿಗಳು ಅಮೆರಿಕದ ಅನೇಕ ಊರುಗಳಲ್ಲಿವೆ. ಅಕ್ಷರ ಕಲಿಸುವ ಆ ತರಗತಿಗಳೇ ಈ ಕೊರತೆ ತುಂಬುವ ಜಾಗ. ಮನೆಯ ಕನ್ನಡವನ್ನು ಶಾಲೆಯ ಸ್ಪ್ಯಾನಿಷ್‌ಗೆ ಬದಲಿ ಎಂದು ನೋಡದೆ, ಎರಡನ್ನೂ ಒಟ್ಟಿಗೆ ನಡೆಸುವುದು ಕ್ಷೇಮ. ಶಾಲೆಯ ಭಾಷೆ ಟ್ರಾನ್ಸ್‌ಕ್ರಿಪ್ಟಿಗೆ, ಮನೆಯ ಭಾಷೆ ಸೀಲ್‌ಗೆ ಮತ್ತು ಬದುಕಿಗೆ.

ಗಾಳಿ ಬೀಸುತ್ತಿರುವ ದಿಕ್ಕು

ಅಮೆರಿಕದಲ್ಲಿ ಭಾಷಾ ಶಿಕ್ಷಣವೇ ಕುಗ್ಗುತ್ತಿದೆ ಎಂಬುದೂ ನಿಜ. 2017ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಲ್ಲಿನ ಶಾಲಾ ಮಕ್ಕಳಲ್ಲಿ ಐವರಲ್ಲಿ ಒಬ್ಬರು ಮಾತ್ರ ವಿದೇಶಿ ಭಾಷೆ ಕಲಿಯುತ್ತಿದ್ದರು, ಅದರಲ್ಲೂ ಬಹುಪಾಲು ಸ್ಪ್ಯಾನಿಷ್. ಕಾಲೇಜು ಮಟ್ಟದಲ್ಲಿ 2016ರಿಂದ 2021ರ ನಡುವೆ ಭಾಷಾ ತರಗತಿಗಳಿಗೆ ಸೇರುವವರ ಸಂಖ್ಯೆ ಶೇ. 16.6ರಷ್ಟು ಇಳಿಯಿತು. ಕೊರಿಯನ್ ಒಂದು ಮಾತ್ರ ಎದ್ದು ಕಾಣುವಂತೆ ಏರಿತು. 2023ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ ಹಣದ ಮುಗ್ಗಟ್ಟಿನಿಂದ ತನ್ನ ವಿದೇಶಿ ಭಾಷೆಯ ಪದವಿಗಳನ್ನು ಕೈಬಿಟ್ಟಿತು. ಇದನ್ನು ನೋಡಿ "ಇನ್ನು ಭಾಷೆಯನ್ನು ಯಾರು ಕೇಳುತ್ತಾರೆ" ಎನ್ನುವವರಿದ್ದಾರೆ. ಆದರೆ ಕಡಿಮೆ ಜನ ಕೊನೆಯ ಹಂತದವರೆಗೆ ಓದುತ್ತಿರುವಾಗ, ಓದಿದವನು ಎದ್ದು ಕಾಣುವುದು ಹೆಚ್ಚು. ಮಾರುಕಟ್ಟೆಯ ಸಾಮಾನ್ಯ ನಿಯಮ ಇದು.

ಇನ್ನೊಂದು ಮಾತನ್ನೂ ಹೇಳಬೇಕು. ಈ ಶಿಫಾರಸುಗಳು ಎಲ್ಲ ಮಕ್ಕಳಿಗೂ ಸಮಾನವಾಗಿಲ್ಲ. ಸ್ಥಿತಿವಂತರ ಬಡಾವಣೆಯ ಶಾಲೆಯಲ್ಲಿ ಐದು ಭಾಷೆ ಎಪಿವರೆಗೆ ಇದ್ದರೆ, ಬಡವರ ಊರಿನ ಶಾಲೆಯಲ್ಲಿ ಎರಡನೇ ಹಂತಕ್ಕೆ ಶಿಕ್ಷಕರೇ ಇರುವುದಿಲ್ಲ. ಶಾಲೆಯಲ್ಲಿ ಏನು ಲಭ್ಯವಿತ್ತೋ ಅದರ ಹಿನ್ನೆಲೆಯಲ್ಲೇ ನೋಡುತ್ತೇವೆ ಎಂದು ಕಾಲೇಜುಗಳು ಹೇಳುತ್ತವೆ. ಒಳ್ಳೆಯ ಮಾತು. ಆದರೂ ಮೊದಲೇ ದಾರಿ ತಿಳಿದ ಮನೆಯ ಮಗುವಿಗೆ ಅನುಕೂಲ ಹೆಚ್ಚು ಎಂಬುದು ಉಳಿಯುತ್ತದೆ. ತಿಳಿದವರು ತಿಳಿಯದವರಿಗೆ ಹೇಳುವುದೇ ಸದ್ಯಕ್ಕೆ ನಮ್ಮ ಕೈಲಾಗುವ ಪರಿಹಾರ.

ಇಲ್ಲಿಂದ ಹೋಗುವ ಮಕ್ಕಳಿಗೆ

ಕರ್ನಾಟಕದಿಂದಲೇ ನೇರವಾಗಿ ಅಮೆರಿಕದ ಪದವಿ ಕಾಲೇಜಿಗೆ ಅರ್ಜಿ ಹಾಕುವವರು ಗಾಬರಿಯಾಗಬೇಕಾಗಿಲ್ಲ. ನಮ್ಮ ಮಕ್ಕಳ ಅಂಕಪಟ್ಟಿಯಲ್ಲಿ ಇಂಗ್ಲಿಷಿನ ಜೊತೆ ಕನ್ನಡವೋ ಹಿಂದಿಯೋ ಸಂಸ್ಕೃತವೋ ವರ್ಷಗಟ್ಟಲೆ ಇದ್ದೇ ಇರುತ್ತದೆ. ಪಿಯುಸಿಯಲ್ಲಿ ಎರಡನೇ ವರ್ಷದವರೆಗೂ ಎರಡು ಭಾಷೆ ಇದೆ. ಸಿಬಿಎಸ್‌ಇಯಲ್ಲಿ ಹನ್ನೊಂದು ಹನ್ನೆರಡಕ್ಕೆ ಇಂಗ್ಲಿಷ್ ಒಂದೇ ಸಾಕಾಗುವುದರಿಂದ, ಒಂಬತ್ತು ಮತ್ತು ಹತ್ತನೇ ತರಗತಿಯ ಎರಡನೇ ಭಾಷೆಯ ಅಂಕಗಳೇ ದಾಖಲೆಯಾಗುತ್ತವೆ. ಆ ಅಂಕಪಟ್ಟಿಗಳನ್ನು ಜೋಪಾನವಾಗಿಡಿ, ಅರ್ಜಿಯಲ್ಲಿ ಭಾಷೆಯ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ.

ಕುಟುಂಬಗಳು ಮಾಡಬಹುದಾದದ್ದು

1. ಮಗು ಆರು ಅಥವಾ ಏಳನೇ ತರಗತಿಗೆ ಬಂದಾಗಲೇ, ಹೈಸ್ಕೂಲಿನಲ್ಲಿ ಯಾವ ಭಾಷೆ ಯಾವ ಹಂತದವರೆಗೆ ಇದೆ ಎಂದು ಕೇಳಿ. ಕೊನೆಯ ಹಂತದವರೆಗೆ ಶಿಕ್ಷಕರಿರುವ, ಮಗುವಿಗೆ ಇಷ್ಟವಾಗುವ ಭಾಷೆಯನ್ನು ಆರಿಸಿ.
2. ಒಂದೇ ಭಾಷೆಯನ್ನು ಕನಿಷ್ಠ ಮೂರನೇ ಹಂತದವರೆಗೆ ಬಿಡದಂತೆ ನೋಡಿಕೊಳ್ಳಿ. ಶಾಲೆಯಲ್ಲಿ ಇದ್ದರೆ, ಮಗುವಿನ ಗುರಿಗೆ ಹೊಂದಿದರೆ ನಾಲ್ಕು.
3. ಡಿಪ್ಲೊಮಾ ನಿಯಮವನ್ನು ಕಾಲೇಜಿನ ನಿಯಮ ಎಂದು ತಿಳಿಯಬೇಡಿ. ಕೋಡಿಂಗ್ ಬದಲಿಯನ್ನು ಒಪ್ಪುವ ಮೊದಲು ಕಾಲೇಜಿನ ಪುಟ ನೋಡಿ.
4. ಮನೆಯ ಭಾಷೆಯಲ್ಲಿ ಓದು ಬರಹ ಕಲಿಸಿ. ಸೀಲ್ ಮತ್ತು ಪ್ರೌಢಿಮೆ ಪರೀಕ್ಷೆಯ ಬಗ್ಗೆ ಶಾಲೆಯ ಸಲಹೆಗಾರರನ್ನು ಹತ್ತನೇ ತರಗತಿಯಲ್ಲೇ ವಿಚಾರಿಸಿ. ಯಾವ ಪರೀಕ್ಷೆ ಒಪ್ಪುತ್ತಾರೆ ಎಂಬುದು ಜಿಲ್ಲೆಯಿಂದ ಜಿಲ್ಲೆಗೆ ಬೇರೆ.
5. ಅಜ್ಜ ಅಜ್ಜಿಯರು ಫೋನಿನಲ್ಲಿ ಇಂಗ್ಲಿಷಿಗೆ ತಿರುಗಬೇಡಿ. ವಾರಕ್ಕೊಂದು ಸಣ್ಣ ಪತ್ರ ಕನ್ನಡದಲ್ಲಿ ಬರೆದು ಕಳಿಸಿ, ಉತ್ತರವನ್ನೂ ಕನ್ನಡದಲ್ಲೇ ಬರೆಸಿಕೊಳ್ಳಿ. ಮೊಮ್ಮಗುವಿಗೆ ಬರವಣಿಗೆಯ ಅಭ್ಯಾಸ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಸಿಗುವುದಿಲ್ಲ.

ಈ ವರ್ಷ ಏಳನೇ ತರಗತಿಯಲ್ಲಿರುವ ಮಕ್ಕಳ ತಂದೆತಾಯಿಗಳು ನಿಮ್ಮ ಬಂಧುಗಳಲ್ಲಿ ಇದ್ದರೆ, ಮುಂದಿನ ವರ್ಷದ ವಿಷಯಗಳ ಆಯ್ಕೆ ನಮೂನೆ ಶಾಲೆಯಿಂದ ಬರುವ ಮೊದಲೇ ಈ ವಿಷಯವನ್ನು ಅವರಿಗೆ ತಿಳಿಸಿ. ನಮೂನೆ ತುಂಬಿ ಕೊಟ್ಟ ಮೇಲೆ ಬದಲಿಸುವುದು ಕಷ್ಟ.